ಮಸ್ಕಿಯಲ್ಲಿ ನಿಂತ ಗಾಡಿ

ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸುಗಳಿಗೇನೂ ಬರವಿಲ್ಲ. ಆದರೂ ಕಳೆದ ಮಾಗಿಯ ಒಂದು ಮುಂಜಾನೆ ನಾನು ಕಾಕಾ ಅವರ ಹಳೆಯ ಡೀಸೆಲ್ ಪಿಕಪ್ ಗಾಡಿಯನ್ನೇರಿ ಕುಳಿತೆ. ದಾರಿಯಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಾಣುವ ಆಸೆ ನನ್ನದು. ಕಾಕಾ ಅವರ ಕೆಲಸ ಬೇರೆ. ಹದಿನೆಂಟು ವರ್ಷ ತಮ್ಮ ಸಂಸಾರವನ್ನು ಹೊತ್ತ ಆ ಗಾಡಿಯನ್ನು ಸಿಂಧನೂರಿನ ಗುಜರಿ ವ್ಯಾಪಾರಿಯೊಬ್ಬನಿಗೆ ಕಬ್ಬಿಣದ ತೂಕಕ್ಕೆ ಕೊಟ್ಟುಬಿಡಲು ಅವರು ನಿಶ್ಚಯಿಸಿದ್ದರು.

ಮೂರು ತಿಂಗಳಿಂದ ಗಾಡಿಗೆ ಎಂಥದೋ ಗ್ರಹಚಾರ. ಸೆಲ್ಫ್ ಹೊಡೆದರೆ ಎಂಜಿನ್ನು ಒಂದೆರಡು ಸುತ್ತು ನರಳಿ ಸುಮ್ಮನಾಗುತ್ತಿತ್ತು. ನಿಂತಲ್ಲಿಯ ಓಟವೂ ನೆಟ್ಟಗಿರಲಿಲ್ಲ. ಕಾಲು ತೆಗೆದರೂ ಒಮ್ಮೆ ಭೋರ್ಗರೆಯುವುದು, ಇನ್ನೊಮ್ಮೆ ಗಡಗಡ ನಡುಗಿ ಆರಿಹೋಗುವುದು. ಒಬ್ಬ ಮೇಸ್ತ್ರಿ ಬ್ಯಾಟರಿ ಸತ್ತಿದೆಯೆಂದ. ಕಾಕಾ ಸಾಲ ಮಾಡಿ ಹೊಸದನ್ನು ತಂದರು. ಇನ್ನೊಬ್ಬ ಸೆಲ್ಫ್ ಮೋಟಾರಿಗೆ ವೈಂಡಿಂಗ್ ಮಾಡಿಸಿದ. ಮತ್ತೊಬ್ಬ ಡೀಸೆಲ್ ಪಂಪಿನ ಸ್ಲೋ ಸ್ಕ್ರೂವನ್ನು ತಿರುಗಿಸಿ ಕೈತೊಳೆದುಕೊಂಡ. ಆ ಮುಂಜಾನೆಯೂ ಓಣಿಯ ಹುಡುಗರು ನೂಕಿದ ಮೇಲೆಯೇ ನಮ್ಮ ಪ್ರಯಾಣ ಆರಂಭವಾದದ್ದು.

ನಿಜಾಮರ ಆಳ್ವಿಕೆಯಲ್ಲಿ ಒಂದು ಕಾಲಕ್ಕೆ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು. ಹಟ್ಟಿಯ ಚಿನ್ನದ ಗಣಿಯಿರುವುದೂ ಇದೇ ತಾಲ್ಲೂಕಿನಲ್ಲಿ. ಊರು ದಾಟಿದರೆ ಜೋಳ, ತೊಗರಿಯ ಹೊಲಗಳು, ನಡುನಡುವೆ ಬಂಡೆಗಳ ಗುಡ್ಡಗಳು. ಚಿನ್ನವನ್ನರಸುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡ. ಅದಕ್ಕೂ ಮೊದಲು ದೊರೆತಿದ್ದ ಶಾಸನಗಳಲ್ಲಿ ದೊರೆ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದೇ ಕರೆದುಕೊಂಡಿದ್ದ. ಅವನೇ ಅಶೋಕನೆಂದು ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಊಹಿಸಿದ್ದರು. ಅಶೋಕನೆಂಬ ಹೆಸರನ್ನೇ ಹೇಳಿ ಆ ಊಹೆಯನ್ನು ಸ್ಥಿರಪಡಿಸಿದ್ದು ಈ ಬಂಡೆ. ಇಷ್ಟು ದೊಡ್ಡ ಸಂಗತಿಯನ್ನು ಹೊತ್ತ ಅಕ್ಷರಗಳು ಎಷ್ಟು ಸವೆದಿವೆ! ಅರ್ಧ ಗಂಟೆ ಅಲ್ಲಿ ನಿಂತು ಮರಳುವಷ್ಟರಲ್ಲಿ ಕಾಕಾ ಬಾನೆಟ್ ತೆರೆದು ತಲೆಯ ಮೇಲೆ ಕೈಹೊತ್ತಿದ್ದರು. ಗಾಡಿ ಏಳಲೊಲ್ಲದು.

"ಬ್ಯಾಟರಿಯೇ ಇರಬೇಕು" ಎಂದು ನಾನೂ ಪಾಂಡಿತ್ಯ ಮೆರೆದೆ.

ಪಕ್ಕದ ಅಂಗಡಿಯಿಂದ ಬಂದ ಮೇಸ್ತ್ರಿಗೆ ಇಪ್ಪತ್ತೈದು ತುಂಬಿರಲಿಕ್ಕಿಲ್ಲ. ಕಾಕಾ ಅವನನ್ನು ನಂಬಿದಂತೆ ಕಾಣಲಿಲ್ಲ. ಅವನು ಒಂದು ಸ್ಪ್ಯಾನರನ್ನೂ ಎತ್ತಿಕೊಳ್ಳದೆ, "ಲೈಟ್ ಹಾಕಿ ಸೆಲ್ಫ್ ಹೊಡೀರಿ ಕಾಕಾ" ಎಂದ. ಎಂಜಿನ್ನು ನರಳಿತು, ದೀಪಗಳು ಮಾತ್ರ ಮಂಕಾಗದೆ ಉರಿದವು. "ಬ್ಯಾಟ್ರಿ ಗಟ್ಟಿ ಐತ್ರಿ. ಕರೆಂಟ್ ಸೆಲ್ಫಿಗೆ ಮುಟ್ಟವಲ್ದು." ಇನ್ನೂ ಒಂದೆರಡು ಸಲ ಹೊಡೆಸಿ, ಆಕ್ಸಿಲರೇಟರ್ ಕೇಬಲನ್ನು ಬೆರಳಿನಿಂದ ಮುಟ್ಟಿ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ. "ಇಲ್ಲಿ ಮುಟ್ಟಿ ನೋಡ್ರಿ ಸರ್."

ಕೇಬಲ್ ಕಾದಿತ್ತು. ಆಗ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬ್ಯಾಟರಿಗೇ ಮರಳಬೇಕು. ಮರಳುವ ದಾರಿ ಗಾಡಿಯ ಕಬ್ಬಿಣದ ಮೈ. ಆದರೆ ಎಂಜಿನ್ನು ಕುಳಿತಿರುವುದು ರಬ್ಬರಿನ ದಿಂಬುಗಳ ಮೇಲೆ. ಆದ್ದರಿಂದ ಎಂಜಿನ್ನಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ದಪ್ಪ ಪಟ್ಟಿಯೊಂದಿರುತ್ತದೆ. ಅದೇ ಅರ್ತಿಂಗ್ ಪಟ್ಟಿ. ನಮ್ಮ ಗಾಡಿಯಲ್ಲಿ ಅದು ಕಿಲುಬು ಹಿಡಿದು, ನಾಲ್ಕೆಂಟು ಎಳೆಗಳಷ್ಟೇ ಉಳಿದಿತ್ತು. ಸೆಲ್ಫಿಗೆ ಬೇಕಾದದ್ದು ನೂರಾರು ಆಂಪಿಯರ್. ದಾರಿ ಕಾಣದ ಪ್ರವಾಹ ತೆಳುವಾದ ಆಕ್ಸಿಲರೇಟರ್ ಕೇಬಲಿನ ಮೂಲಕ ನುಸುಳಿ ಅದನ್ನು ಸುಟ್ಟಿತ್ತು. ಒಳಗಿನ ಪ್ಲಾಸ್ಟಿಕ್ ಕರಗಿದ್ದರಿಂದ ತಂತಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಂಜಿನ್ನು ಭೋರ್ಗರೆಯುತ್ತಿದ್ದುದು ಅದಕ್ಕೇ. ಆ ಅಬ್ಬರವನ್ನು ತಗ್ಗಿಸಲೆಂದು ಸ್ಕ್ರೂ ಇಳಿಸಿದ್ದರಿಂದ, ತಂತಿ ಸಡಿಲಾದಾಗಲೆಲ್ಲ ಎಂಜಿನ್ನು ಆರುತ್ತಿತ್ತು.

ಹುಡುಗ ದಪ್ಪ ಕೇಬಲೊಂದನ್ನು ಬ್ಯಾಟರಿಯ ಮೈನಸ್ಸಿನಿಂದ ನೇರವಾಗಿ ಎಂಜಿನ್ನಿಗೆ ಕಚ್ಚಿಸಿ, "ಈಗ ಹೊಡೀರಿ" ಎಂದ. ಅರೆಗಳಿಗೆಯಲ್ಲಿ ಗಾಡಿ ಎದ್ದಿತು! ಕಾಕಾ ಸ್ಟಿಯರಿಂಗ್ ಹಿಡಿದು ಮಾತಿಲ್ಲದೆ ಕುಳಿತಿದ್ದರು. ಸಾಲದ ಬ್ಯಾಟರಿಯ ನೆನಪಾಯಿತೇನೋ.

ವೆಲ್ಡಿಂಗ್ ಕೇಬಲಿನ ತುಂಡಿಗೆ ಲಗ್ ಒತ್ತಿ ಹೊಸ ಪಟ್ಟಿ ಸಿದ್ಧವಾಯಿತು. ಬೋಲ್ಟಿನ ಕೆಳಗಿನ ಬಣ್ಣ, ತುಕ್ಕುಗಳನ್ನು ಹೊಳೆಯುವವರೆಗೆ ಉಜ್ಜಿದ್ದಾಯಿತು. ಹೊಸ ಆಕ್ಸಿಲರೇಟರ್ ಕೇಬಲ್ ಬಂತು. ಎಂಜಿನ್ನು ಚೆನ್ನಾಗಿ ಕಾಯುವವರೆಗೆ ಸ್ಕ್ರೂ ಮುಟ್ಟಲು ಮಾತ್ರ ಹುಡುಗ ಒಪ್ಪಲಿಲ್ಲ. ಅವಸರಪಡಿಸಿದ ನನಗೆ ಒಂದು ಚಹಾ ತರಿಸಿಕೊಟ್ಟು ಕೂರಿಸಿದ. ಎಲ್ಲ ಸೇರಿ ಆದ ಖರ್ಚು ಹೊಸ ಬ್ಯಾಟರಿಯ ಬೆಲೆಯ ಕಾಲುಭಾಗವನ್ನೂ ಮುಟ್ಟಲಿಲ್ಲ.

ಸಿಂಧನೂರು ಸಮೀಪಿಸಿದಂತೆ ನೆಲದ ಬಣ್ಣವೇ ಬದಲಾಯಿತು. 1953ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ ತುಂಗಭದ್ರೆಯ ನೀರು ಎಡದಂಡೆ ಕಾಲುವೆಯಿಂದ ಈ ಒಣನಾಡನ್ನು ಬತ್ತದ ಸೀಮೆಯಾಗಿಸಿದೆ. ಅಕ್ಕಿ ಗಿರಣಿಗಳ ಬೀದಿಯಲ್ಲಿ ವ್ಯಾಪಾರಿ ಕಾದಿದ್ದ. ಕಾಕಾ ಇಳಿದರು, ಎಂಜಿನ್ನನ್ನು ಮಾತ್ರ ಆರಿಸಲಿಲ್ಲ. ಅದು ಒಂದೇ ಸಮನೆ, ಮೆಲ್ಲಗೆ ಗುನುಗುತ್ತಿತ್ತು. ವ್ಯಾಪಾರಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಕಾಗದಪತ್ರ ತಂದೀರೇನ್ರಿ?" ಎಂದು ಕೇಳಿದ.

"ಮಾರಾಕ ಬಂದಿಲ್ರಿ," ಎಂದರು ಕಾಕಾ, "ಲಿಂಗಸುಗೂರಿಗೆ ಅಕ್ಕಿ ಬಾಡಿಗಿ ಯಾರದಾರೆ ಇದ್ರ ಹೇಳ್ರಿ."