ದಾಸೋಹದ ದಾರಿಯಲ್ಲಿ ಧ್ವನಿಮುದ್ರಣ

ಶರಣರ ವಚನಗಳು ಇಂದಿಗೂ ಉಳಿದುಬಂದಿರುವುದು ಅವುಗಳನ್ನು ಬರೆದಿಟ್ಟವರಿಂದ, ಪ್ರತಿ ಮಾಡಿದವರಿಂದ, ಮುಚ್ಚಿಡದೆ ಹಂಚಿದವರಿಂದ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸುತ್ತ ಊರೂರು ತಿರುಗಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಓಲೆಗರಿಯನ್ನು ಓದಲು ಅಕ್ಷರ ಬಲ್ಲ ಕಣ್ಣು ಸಾಕಿತ್ತು. ಅನ್ಯರ ಅಪ್ಪಣೆ ಬೇಕಿರಲಿಲ್ಲ. ಗಣಕಯಂತ್ರದಲ್ಲಿ ಕೂಡಿಟ್ಟ ಧ್ವನಿಯ ಸಂಗತಿ ಹಾಗಲ್ಲ.

ಹಲವು ವರ್ಷಗಳಿಂದ ನಾನು ಹಿರಿಯರ ವಚನಗಾಯನವನ್ನು ಮುದ್ರಿಸಿಕೊಳ್ಳುತ್ತ ಬಂದಿದ್ದೇನೆ. ಬಳಸುತ್ತಿದ್ದ ತಂತ್ರಾಂಶದ ವಾರ್ಷಿಕ ಶುಲ್ಕದ ಅವಧಿ ತೀರಿದೊಡನೆ, ಅದರಲ್ಲಿ ಸಿದ್ಧಪಡಿಸಿದ್ದ ಕಡತಗಳು ಒಮ್ಮೆ ತೆರೆಯದಾದವು. ಅವುಗಳಲ್ಲಿ ಹಾಡಿದ್ದ ಹಿರಿಯರೊಬ್ಬರು ಆ ವೇಳೆಗೆ ಲಿಂಗೈಕ್ಯರಾಗಿದ್ದರು, ಮತ್ತೆ ಹಾಡಿಸುವಂತಿರಲಿಲ್ಲ. ಶುಲ್ಕ ತೆತ್ತು ಧ್ವನಿಯನ್ನು ಬಿಡಿಸಿಕೊಂಡೆನು. ಕಂಠ ನಮ್ಮವರದು, ಶ್ರಮ ನಮ್ಮದು, ಬೀಗದ ಕೈ ಮಾತ್ರ ಪರರದು ಎಂಬುದು ಮನಸ್ಸನ್ನು ಕಲಕಿತು. ಅಂದೇ ಲಿನಕ್ಸಿನತ್ತ ಹೊರಳಿದೆನು.

ಲಿನಕ್ಸ್ ಎಂಬುದು ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ರಚಿಸಿದರು; 1992ರಲ್ಲಿ ಅದನ್ನು ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ್ದ ಸಾರ್ವಜನಿಕ ಪರವಾನಗಿಗೆ ಒಳಪಡಿಸಿದರು. ಅದರಂತೆ ಯಾರಾದರೂ ಬಳಸಬಹುದು, ಒಳರಚನೆಯನ್ನು ನೋಡಬಹುದು, ತಿದ್ದಬಹುದು. ತಿದ್ದಿ ಹಂಚುವವರು ತಾವು ಪಡೆದ ಸ್ವಾತಂತ್ರ್ಯವನ್ನು ಪಡೆಯುವವರಿಗೂ ಕೊಡಲೇಬೇಕು. ದಾಸೋಹವನ್ನು ಬಲ್ಲ ನಮಗೆ ಈ ನಿಯಮ ಹೊಸದೆನಿಸದು.

ಒಬ್ಬರ ಗಾಯನಕ್ಕೆ 'ಅಡಾಸಿಟಿ' ಎಂಬ ತಂತ್ರಾಂಶವೇ ಸಾಕು. ಹಾರ್ಮೋನಿಯಂ, ತಬಲಾಗಳನ್ನು ಬೇರೆಬೇರೆಯಾಗಿ ಮುದ್ರಿಸಿ ಬಳಿಕ ಹದಗೊಳಿಸಲು 'ಆರ್ಡೋರ್' ಇದೆ. ಗಾಯನಕ್ಕೆ ಮೊದಲು ಐದಾರು ಸೆಕೆಂಡುಗಳ ಮೌನವನ್ನೂ ಮುದ್ರಿಸಿಕೊಂಡರೆ, ಅದನ್ನೇ ಮಾದರಿಯಾಗಿರಿಸಿ ಫ್ಯಾನಿನ ಸದ್ದನ್ನು ತಗ್ಗಿಸಬಹುದು. 24 ಬಿಟ್, 48 ಕಿಲೋಹರ್ಟ್ಸ್ ಪ್ರಮಾಣದಲ್ಲಿ, ಒಂದೇ ಮೈಕಿನಿಂದ ಪಡೆದ ಒಂದು ಗಂಟೆಯ ಧ್ವನಿಗೆ ಸುಮಾರು 520 ಮೆಗಾಬೈಟ್ ಸ್ಥಳ ಬೇಕು. 'ಫ್ಲ್ಯಾಕ್' ರೂಪದಲ್ಲಿಟ್ಟರೆ ನಾದಕ್ಕೆ ಕಿಂಚಿತ್ತೂ ಲೋಪವಾಗದೆ ಸ್ಥಳವೂ ಉಳಿಯುತ್ತದೆ. ಈ ರೂಪದ ರಚನೆ ಎಲ್ಲರಿಗೂ ತೆರೆದದ್ದಾದುದರಿಂದ ಯಾವ ಒಂದು ಸಂಸ್ಥೆಯ ಹಂಗೂ ಇದಕ್ಕಿಲ್ಲ.

ತೊಡಕುಗಳೇ ಇಲ್ಲವೆಂದಲ್ಲ. ಕೆಲವು ಧ್ವನಿಮುದ್ರಣ ಉಪಕರಣಗಳು ಲಿನಕ್ಸಿಗೆ ಹೊಂದುವುದಿಲ್ಲ. ಕೊಳ್ಳುವ ಮುನ್ನ ವಿಚಾರಿಸಬೇಕು. ಅರುವತ್ತು ದಾಟಿದ ನನಗೆ ಈ ವಿಧಾನ ಕೈಗೂಡಲು ಮೂರು ತಿಂಗಳು ಹಿಡಿಯಿತು. ಕಲಿಸಿದವನು ಮಠದ ಪ್ರಸಾದನಿಲಯದ ವಿದ್ಯಾರ್ಥಿ. ಅವನು ಹೇಳಿದುದನ್ನು ನಾನು ಓಲೆಯಲ್ಲಿ ಗುರುತು ಹಾಕಿಕೊಳ್ಳುವಂತೆ ಪುಸ್ತಕದಲ್ಲಿ ಬರೆದುಕೊಂಡೆನು. ಅರಿವಿಗೆ ವಯಸ್ಸಿನ ಭೇದವಿಲ್ಲವಷ್ಟೆ.

ಶರಣಬಂಧುಗಳೇ, ನಿಮ್ಮ ಮನೆಯಲ್ಲಿ ವಚನ ಹಾಡುವ ಅಜ್ಜ ಅಜ್ಜಿಯರಿದ್ದರೆ ಅವರ ಧ್ವನಿಯನ್ನು ತಡಮಾಡದೆ ಮುದ್ರಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಜೊತೆಗೆ ಬರೆದಿಡಿರಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಬೇರೆ ಊರಿನ ಬಂಧುಗಳಲ್ಲಿರಲಿ. ಬಾಡಿಗೆಯ ಬೀಗದೊಳಗಿಟ್ಟ ಧ್ವನಿ ಮೊಮ್ಮಕ್ಕಳಿಗೆ ಆಸ್ತಿಯಾಗಲಾರದು. ತೆರೆದಿಟ್ಟದ್ದೇ ಪ್ರಸಾದವಾಗಿ ಮುಂದಿನ ತಲೆಮಾರನ್ನು ತಲುಪುವುದು.