ಪೆಟ್ಟಿಗೆಯಿಲ್ಲದ ಗುಡುಗು

ಪುಣೆಯಿಂದ ಧಾರವಾಡಕ್ಕೆ ಹೋಗಿಬರುವ ನಮ್ಮಂಥವರಿಗೆ ಕಾರಿನ ಡಿಕ್ಕಿಯೆಂದರೆ ಉಗ್ರಾಣವಿದ್ದಂತೆ. ಹೋಗುವಾಗ ಬಟ್ಟೆಬರೆ, ಬರುವಾಗ ಜೋಳದ ಚೀಲ, ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಡಬ್ಬಿ, ದಾರಿಯಲ್ಲಿ ಕೊಂಡ ಬೆಳಗಾವಿಯ ಕುಂದಾ. ಆದ್ದರಿಂದ ನಮ್ಮ ಚಿರಂಜೀವಿ 12 ಇಂಚಿನ ಸಬ್‌ವೂಫರ್ ತಂದು, ಅದಕ್ಕೊಂದು ದೊಡ್ಡ ಮರದ ಪೆಟ್ಟಿಗೆಯೂ ಬೇಕೆಂದಾಗ ನಾವು ಖಡಾಖಂಡಿತವಾಗಿ ಹೇಳಿದೆವು: "ಸ್ಪೀಕರ್ ಇರಲಿ, ಪೆಟ್ಟಿಗೆ ಬೇಡ."

ಒಂದು ಭಾನುವಾರ ಸ್ಪೀಕರನ್ನು ಡಿಕ್ಕಿಯಲ್ಲಿ ಹಾಗೆಯೇ ಇಟ್ಟು, ಬ್ಯಾಟರಿಯಿಂದ ತಂತಿ ಎಳೆದು, ಹಾಡು ಹಾಕಿದೆವು. ಹಿಂದಿನ ಸೀಟಿನಲ್ಲಿ ಕುಳಿತ ನಮ್ಮ ತಾಯಿ ಸ್ವಲ್ಪ ಕೇಳಿ, "ಇದೇನಪಾ, ಡೊಳ್ಳು ಬಾರಿಸಾಕ ಹತ್ತ್ಯಾರೋ, ನೆಗಡಿ ಆದಾಂವ ಕೆಮ್ಮಾಕ ಹತ್ತ್ಯಾನೋ?" ಎಂದರು. ಸದ್ದು ಹೆಚ್ಚಿಸಿದರೆ ಗುಡುಗು ಬರಲಿಲ್ಲ. ಸ್ಪೀಕರಿನ ಶಂಕು ಮಾತ್ರ ಟಪ್ ಟಪ್ ಎಂದು ಬಡಿದುಕೊಳ್ಳತೊಡಗಿತು.

ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ಆಗ ನೆನಪಾಯಿತು. ಶಂಕು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಬೆನ್ನಿನ ಗಾಳಿ ಸಡಿಲಾಗುತ್ತದೆ. 40 ಹರ್ಟ್ಸ್‌ನ ಅಲೆಯೊಂದರ ಉದ್ದ ಸುಮಾರು ಎಂಟೂವರೆ ಮೀಟರ್. ಅಷ್ಟು ಉದ್ದದ ಅಲೆಗೆ ಸ್ಪೀಕರಿನ ಅಂಚನ್ನು ಸುತ್ತಿ ಬರುವುದು ಕಷ್ಟವೇ? ಮುಂದಿನದೂ ಹಿಂದಿನದೂ ಕೂಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಅವೆರಡನ್ನೂ ಬೇರೆ ಇಡುವುದು ಪೆಟ್ಟಿಗೆಯ ಒಂದು ಕೆಲಸ. ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡು ಶಂಕು ಮಿತಿಮೀರದಂತೆ ತಡೆಯುವುದು ಇನ್ನೊಂದು. ಪೆಟ್ಟಿಗೆ ಬೇಡವೆಂದವರು ಈ ಎರಡೂ ಕೆಲಸಗಳನ್ನು ಬೇರೆ ಯಾರಿಗಾದರೂ ಒಪ್ಪಿಸಲೇಬೇಕು.

ಮೊದಲನೆಯದನ್ನು 18 ಮಿ.ಮೀ. ಪ್ಲೈವುಡ್ಡಿಗೆ ಒಪ್ಪಿಸಿದೆವು. ಹಿಂದಿನ ಸೀಟಿನ ಬೆನ್ನಿಗಿರುವ ತೆರಪಿಗೆ ರಟ್ಟಿನಲ್ಲಿ ಅಳತೆ ತೆಗೆದು, ಹಲಗೆ ಕೊಯ್ಸಿ, ಸಂದುಗಳಿಗೆ ಫೋಮ್ ಪಟ್ಟಿ ತುಂಬಿ, ಬೋಲ್ಟ್‌ಗಳಿಂದ ಬಿಗಿದೆವು. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಆ ಭಾರವೆಲ್ಲ ಕುಳಿತವರ ಬೆನ್ನಿಗೆ ಬರಬಾರದಷ್ಟೆ. ಕಾರಿನ ಉಕ್ಕಿನ ಚೌಕಟ್ಟನ್ನು ಕೊಯ್ಯಲಿಲ್ಲ. ತೂತು ಕೊರೆಯುವ ಮೊದಲು ಕೆಳಗೆ ಪೆಟ್ರೋಲ್ ಟ್ಯಾಂಕ್, ಕೊಳವೆ ಇಲ್ಲವೆಂದು ಬಗ್ಗಿ ನೋಡಿದೆವು. ಡಿಕ್ಕಿಯ ಕಡೆ ಜೋಳದ ಚೀಲ ಶಂಕುವಿಗೆ ತಾಗದಂತೆ ಕಬ್ಬಿಣದ ಜಾಲರಿ ಹಾಕಿದೆವು. ಹೀಗೆ ಡಿಕ್ಕಿಯೇ ಪೆಟ್ಟಿಗೆಯಾಯಿತು. ಡಿಕ್ಕಿಯೂ ಸೀಟೂ ಒಂದೇ ಕೋಣೆಯಾಗಿರುವ ಕಾರಿಗೆ ಇದು ಒಗ್ಗದು, ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರ್ ಇರುವವರು ಈ ಗೋಜಿಗೆ ಹೋಗದಿರುವುದೇ ಲೇಸು.

ಎರಡನೆಯ ಕೆಲಸಕ್ಕೆ, ಪೆಟ್ಟಿಗೆಯಿಲ್ಲದೆ ನಡೆಸಲೆಂದೇ ಮಾಡಿದ 'ಫ್ರೀ ಏರ್' ಸ್ಪೀಕರನ್ನು ಅಂಗಡಿಯಲ್ಲಿ ಬದಲಿಸಿ ತಂದೆವು. ಆಂಪ್ಲಿಫಯರಿನಲ್ಲಿ 25 ಹರ್ಟ್ಸ್‌ಗಿಂತ ಕೆಳಗಿನದನ್ನೂ 80ಕ್ಕಿಂತ ಮೇಲಿನದನ್ನೂ ತಡೆದು, ಶಕ್ತಿಯನ್ನೂ ತಗ್ಗಿಸಿದೆವು.

ಊರಿಗೆ ಹೊರಡುವ ಹಿಂದಿನ ದಿನ, ಎಲ್ಲಕ್ಕೂ ಒಮ್ಮೆ ಕಣ್ಣಾಡಿಸಲೆಂದು ಆಟೋ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆದೆವು. ಅವನು ಸ್ಪೀಕರನ್ನು ನೋಡಲೇ ಇಲ್ಲ. ಬಾನೆಟ್ ಎತ್ತಿ, ನಾವು ತಗಡಿನ ತೂತಿನಲ್ಲಿ ತೂರಿಸಿದ್ದ ತಂತಿಯನ್ನು ಎಳೆದು ತೋರಿಸಿದ. ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು ಒಳಗಿನ ತಾಮ್ರ ಫಳಫಳನೆ ಹೊಳೆಯುತ್ತಿತ್ತು. "ಫ್ಯೂಸ್ ಎಲ್ಲಿ?" ಎಂದ. ಆಂಪ್ಲಿಫಯರಿನಲ್ಲೇ ಇದೆಯಲ್ಲ ಎಂದೆವು. "ಅದು ಆಂಪ್ಲಿಫಯರಿಗಾಯಿತು. ತಂತಿಗೆ?" ಎಂದ.

ನಾವು ನಿರುತ್ತರರು. ಆ ತಾಮ್ರ ತಗಡಿಗೆ ತಾಗಿದ್ದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿದು, ನೆಲಹಾಸಿನ ಕೆಳಗೆ ತಂತಿಯುದ್ದಕ್ಕೂ ಬೆಂಕಿ ಹೊತ್ತುತ್ತಿತ್ತು. ಅದರ ಮೇಲೆಯೇ ನಮ್ಮ ತಾಯಿಯ ಕಾಲು. ವಾರಗಟ್ಟಲೆ ಗುಡುಗಿನ ಹಿಂದೆ ಬಿದ್ದಿದ್ದ ನಮಗೆ ಸಿಡಿಲಿನ ನೆನಪೇ ಆಗಿರಲಿಲ್ಲ!

ಅವನು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ದಪ್ಪನೆಯ ಹೊಸ ತಂತಿ ಎಳೆದ. ತೂತಿಗೆ ರಬ್ಬರಿನ ಬಳೆ ತೊಡಿಸಿದ. ಬ್ಯಾಟರಿಯಿಂದ ಗೇಣುದ್ದದೊಳಗೆ ಫ್ಯೂಸ್ ಕೂರಿಸಿದ. ಅರ್ತ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿದ. ಒಂದು ಗಂಟೆಯ ಕೆಲಸ.

ಮರುದಿನ ಕಾತ್ರಜ್ ಘಾಟ್ ದಾಟಿದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಾಕಿದೆವು, ಸಣ್ಣದಾಗಿ. ತಾಯಿ ಕಣ್ಣು ಮುಚ್ಚಿಕೊಂಡೇ, "ಈಗ ಡಗ್ಗಾ ಚಲೋ ಕೇಳಸ್ತದ ನೋಡು" ಎಂದರು. ಚಿರಂಜೀವಿ ನಮ್ಮ ಮುಖ ನೋಡಿದ. ನಾವು ಮಾತ್ರ ಆಕೆಯ ಕಾಲ ಬುಡದ ನೆಲಹಾಸನ್ನು ನೋಡುತ್ತಿದ್ದೆವು.