ಮೂರು ಬಣ್ಣದ ವೈರು ಮತ್ತು ನಮ್ಮಜ್ಜಿಯ ಕಿವಿ



ಈ ಸಲ ಗೋಡೆ ಪತ್ರಿಕೆಗೆ ಪ್ರವಾಸದ ಪ್ರಬಂಧ ಸಾಕು, ನಿಮ್ಮ ಮನೆಯಲ್ಲಿ ಕಂಡದ್ದನ್ನು ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಅದಕ್ಕೆ ಟಿ.ವಿ. ಕೆಟ್ಟಾಗ ಏನೇನು ನೋಡಬೇಕು ಎಂದು ಬರೆಯುತ್ತಿದ್ದೇನೆ. ಟಿ.ವಿ. ವಿಷಯ ಬರೆದರೆ ಬೈತಾರೆ ಕಣೇ ಅಂತ ನನ್ನ ಗೆಳತಿ ಹೆದರಿಸಿದಳು. ಆದರೆ ನಮ್ಮ ಮನೆಯಲ್ಲಿ ಟಿ.ವಿ.ಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಚಂದನದ ವಾರ್ತೆ, ಮಳೆ ಸುದ್ದಿ ಎಲ್ಲಾ ಅವಳಿಗೆ ಕಿವಿಯಲ್ಲೇ ಆಗಬೇಕು. ಮಾತು ನಿಂತರೆ ಅವಳ ಪಾಲಿಗೆ ಟಿ.ವಿ. ಇಲ್ಲ.

ನಮ್ಮದು ಡಿ.ಡಿ. ಫ್ರೀ ಡಿಶ್. ತಿಂಗಳು ತಿಂಗಳು ದುಡ್ಡು ಕಟ್ಟಬೇಕಾಗಿಲ್ಲ. ಅಂಗಳದ ಗಿಡ್ಡ ಕಂಬದ ಮೇಲೆ ತಟ್ಟೆ ಇದೆ, ಅಜ್ಜಿ ಅದಕ್ಕೆ ಮೊರ ಅನ್ನುತ್ತಾಳೆ. ಅದರ ಮುಖ ಆಗ್ನೇಯಕ್ಕೆ. ಯಾಕೆ ಗೊತ್ತಾ? 2015ರ ನವೆಂಬರ್‌ನಲ್ಲಿ ಹಾರಿಸಿದ ಇಸ್ರೋದ ಜಿಸ್ಯಾಟ್-15 ಉಪಗ್ರಹ ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಆಫೀಸು ರೂಮಿನ ಭೂಪಟದಲ್ಲಿ ನಮ್ಮ ಊರು 76 ಡಿಗ್ರಿಯ ಹತ್ತಿರ. ಅಂದರೆ ಉಪಗ್ರಹ ನಮಗೆ ಪೂರ್ವಕ್ಕೂ ಆಯಿತು, ದಕ್ಷಿಣಕ್ಕೂ ಆಯಿತು. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ದೊಡ್ಡ ಕೇಂದ್ರ ನಮ್ಮ ಹಾಸನದಲ್ಲೇ ಇದೆ.

ಕಳೆದ ಆಷಾಢದಲ್ಲಿ ಒಂದು ರಾತ್ರಿ ಗಾಳಿ ಮಳೆ ಜೋರಾಗಿ ಬಂತು. ಬೆಳಿಗ್ಗೆ ಟಿ.ವಿ. ಹಾಕಿದರೆ ಚಿತ್ರ ಆಗಾಗ ಚೌಕ ಚೌಕವಾಗಿ ಒಡೆಯುತ್ತಿತ್ತು, ಮಾತು ಒಂದೂ ಇಲ್ಲ. ಅಪ್ಪ ಪೇಟೆಯ ರಿಪೇರಿಯವರಿಗೆ ಫೋನ್ ಮಾಡಿದರು. ಅವರು ಬಂದು ನೋಡಲೂ ಇಲ್ಲ, “ಬಾಕ್ಸೇ ಹೋಗಿದೆ, ಹೊಸದು ಹಾಕಿಸಿ, 1,400 ರೂಪಾಯಿ” ಅಂದುಬಿಟ್ಟರು. ಮನೆಯಲ್ಲಿ ಇದ್ದದ್ದು ಅಜ್ಜಿಯ ಕಣ್ಣಿನ ಆಪರೇಷನ್ನಿಗೆ ಓಡಾಡಲು ಅಂತ ಡಬ್ಬಿಯಲ್ಲಿ ಇಟ್ಟ ದುಡ್ಡು ಮಾತ್ರ. ಅಜ್ಜಿ, “ಕಣ್ಣು ಆಮೇಲೆ ನೋಡಿದ್ರಾಯ್ತು ಕಣೋ, ಮೊದ್ಲು ಕಿವಿಗೆ ಕೊಡ್ಸು” ಅಂದಳು. ಅಪ್ಪ ಡಬ್ಬಿ ಕೈಗೆ ತೆಗೆದುಕೊಂಡೇ ಬಿಟ್ಟರು.

ಆಗ ಅಕ್ಕ ತಡೆದಳು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಅವಳು ಎಂಟನೇ ತರಗತಿ. ಚಂದನದಲ್ಲಿ ಬರುತ್ತಿದ್ದ ಸೇತುಬಂಧ ಪಾಠ ತಪ್ಪಬಾರದೆಂದು ಆ ಬಾಕ್ಸಿನ ಗುಂಡಿಗಳನ್ನೆಲ್ಲ ಅರೆದು ಕುಡಿದಿದ್ದಳು. “ಎರಡು ಕಾಯಿಲೆ ಒಟ್ಟಿಗೆ ಬಂದಿದ್ರೆ? ಒಂದೊಂದೇ ನೋಡಣ” ಅಂದಳು.

ಮೊದಲು ರಿಮೋಟಿನ ಮೆನು ಒತ್ತಿದಳು. ಮೆನುವಿನ ಅಕ್ಷರ ಬರುವುದು ಆಕಾಶದಿಂದ ಅಲ್ಲ, ಬಾಕ್ಸಿನ ಒಳಗಿಂದ. ಅಕ್ಷರ ಸ್ವಚ್ಛವಾಗಿ ಬಂತು. ಹಾಗಾದರೆ ಬಾಕ್ಸಿಗೆ ಜೀವ ಇದೆ, ಅಲ್ಲಿಂದ ಟಿ.ವಿ.ಗೆ ಹೋಗುವ ಚಿತ್ರದ ವೈರೂ ಸರಿ ಇದೆ ಎಂದಾಯಿತು. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಇಷ್ಟನ್ನು ಫೋನಿನಲ್ಲಿ ಮಾಡಿಸಿ ನೋಡಬಹುದಿತ್ತಲ್ಲ ಅಂತ ನನಗೆ ಈಗಲೂ ಸಿಟ್ಟು.

ನಮ್ಮದು ಹಿಂದೆ ಉಬ್ಬಿದ ಹಳೇ ಟಿ.ವಿ. ಬಾಕ್ಸಿನಿಂದ ಅದಕ್ಕೆ ಹಳದಿ, ಬಿಳಿ, ಕೆಂಪು ಮೂರು ವೈರು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆ ಧ್ವನಿಗೆ, ಕೆಂಪು ಬಲಗಡೆ ಧ್ವನಿಗೆ. ನಮ್ಮ ಟಿ.ವಿ.ಯಲ್ಲಿ ಧ್ವನಿಗೆ ಬಿಳಿ ತೂತು ಒಂದೇ, ಕೆಂಪು ಸುಮ್ಮನೆ ನೇತಾಡುತ್ತಿತ್ತು. ಟಿ.ವಿ. ವಾಲ್ಯೂಮು, ಬಾಕ್ಸಿನ ವಾಲ್ಯೂಮು ಎರಡೂ ಏರಿಸಿದೆವು. (ಎರಡೂ ಬೇರೆ ಬೇರೆ, ನೆನಪಿರಲಿ.) ಏನೂ ಇಲ್ಲ. ಬಿಳಿ ವೈರಿನ ಬುಡ ಅಲ್ಲಾಡಿಸಿದರೆ ಮಾತ್ರ “ಕರ್” ಅಂತು. ಒಳಗೆ ತುಂಡಾಗಿತ್ತು. ಟಿ.ವಿ. ಹಿಂದೆ ಇಲಿ ಓಡಾಡುವುದು ನಮಗೆಲ್ಲ ಗೊತ್ತು!

ಬಣ್ಣ ಬರೀ ಗುರುತಿಗೆ, ಒಳಗಿನ ತಂತಿ ಒಂದೇ ಥರ ಅಂತ ಅಕ್ಕ ಹೇಳಿದಳು. ಕೆಂಪು ವೈರನ್ನೇ ಎರಡು ಕಡೆಯೂ ಬಿಳಿ ತೂತಿಗೆ ಚುಚ್ಚಿದೆವು. ಮಾತು ಬಂದೇ ಬಿಟ್ಟಿತು. ಅಜ್ಜಿ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು. ಸ್ವಲ್ಪ ಹೊತ್ತು ಕೇಳಿ, “ಮಾತು ಬಂತು, ಆದ್ರೆ ತೊದಲ್ತಾ ಇದೆ” ಅಂದಳು.

ಕಣ್ಣಿದ್ದ ನಾವು ಯಾರೂ ಅದನ್ನು ಗಮನಿಸಿರಲಿಲ್ಲ. ಚಿತ್ರ ಒಡೆದಾಗಲೆಲ್ಲ ಮಾತೂ ತುಂಡಾಗುತ್ತಿತ್ತು. ಎರಡೂ ಒಟ್ಟಿಗೆ ತೊದಲಿದರೆ ತಪ್ಪು ಹೊರಗಡೆ, ತಟ್ಟೆಯ ಕಡೆ. ಚಿತ್ರ ಚೆನ್ನಾಗಿದ್ದು ಮಾತು ಮಾತ್ರ ಇಲ್ಲದಿದ್ದರೆ ಮೊದಲು ಒಳಗಿನ ವೈರು ನೋಡಬೇಕು.

ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಗೆರೆ ಇರುತ್ತವೆ. ಸ್ಟ್ರೆಂತ್ ತುಂಬಾ ಇದ್ದರೂ ಕ್ವಾಲಿಟಿ ಇಲ್ಲದಿದ್ದರೆ ಚಿತ್ರ ನಿಲ್ಲುವುದಿಲ್ಲ. ನಮ್ಮ ಕ್ವಾಲಿಟಿ ಏರುತ್ತಾ ಇಳಿಯುತ್ತಾ ಇತ್ತು. ಅಪ್ಪ ಮೊದಲು ಬಾಕ್ಸಿನ ಪ್ಲಗ್ ತೆಗೆಸಿದರು. ತಟ್ಟೆಯ ಮುಂದಿನ ಕೋಲಿನ ತುದಿಯಲ್ಲಿರುವ ಎಲ್.ಎನ್.ಬಿ. ಎಂಬ ಡಬ್ಬಿಗೆ ಬಾಕ್ಸಿನಿಂದಲೇ, ಅದೇ ಕರಿ ವೈರಿನಲ್ಲಿ, 13 ಇಲ್ಲವೇ 18 ವೋಲ್ಟ್ ಕರೆಂಟು ಹೋಗುತ್ತದೆ. ಡಬ್ಬಿಗೆ ಸಿಕ್ಕಿಸಿದ ಪಿನ್ನು ತಿರುಗಿಸಿ ಬಿಚ್ಚಿದರೆ ಒಳಗೆ ನೀರು, ತಾಮ್ರದ ತಂತಿಗೆ ಹಸಿರು ಕಿಲುಬು! ತಾಮ್ರದ ಚೊಂಬಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದಿತ್ತು. ಕಿಲುಬು ಹಿಡಿದಷ್ಟನ್ನು ಕತ್ತರಿಸಿ, ಹೊಸ ತುದಿ ಹೆರೆದು, ಹತ್ತು ರೂಪಾಯಿಯ ಹೊಸ ಪಿನ್ನು ಹಾಕಿದರು. ಹೊರಗಿನ ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು, ತಾಗಿದರೆ ಶಾರ್ಟ್ ಆಗುತ್ತದೆ. ಮೇಲೆ ಸೈಕಲ್ ಟ್ಯೂಬಿನ ಚೂರು ಬಿಗಿಯಾಗಿ ಸುತ್ತಿದರು.

ಗಾಳಿಗೆ ತಟ್ಟೆಯೂ ಕೂದಲೆಳೆಯಷ್ಟು ತಿರುಗಿತ್ತು. ಮತ್ತೆ ಬಾಕ್ಸ್ ಹಾಕಿ, ಅಪ್ಪ ತಟ್ಟೆಯ ಹತ್ತಿರ, ಅಕ್ಕ ಟಿ.ವಿ. ಮುಂದೆ, ನಾನು ಹೊಸ್ತಿಲ ಮೇಲೆ ಕೂಗುವವಳು. “ನಲವತ್ತು! ಐವತ್ತೆರಡು! ಅಯ್ಯೋ ಹೋಯ್ತು!” ಪಕ್ಕದ ಮನೆಯವರು ಹರಾಜು ಅಂದುಕೊಂಡು ಬಂದು ನಿಂತರು. ಅರವತ್ತೆಂಟಕ್ಕೆ ಬಂದಾಗ ಅಪ್ಪ ನಟ್ಟು ಬಿಗಿ ಮಾಡಿದರು. ಅಜ್ಜಿ ಒಳಗಿಂದ, “ಈಗ ಸರಿಯಾಗಿ ಮಾತಾಡ್ತಾವ್ನೆ” ಅಂತ ಕೂಗಿದಳು.

ಜೋರು ಮಳೆ ಹೊಯ್ಯುವಾಗ ಈಗಲೂ ಚಿತ್ರ ಹೋಗುತ್ತದೆ. ಮೇಲಿಂದ ಬರುವ ಅಲೆಗಳನ್ನು ಮಳೆಹನಿ ನುಂಗಿಬಿಡುತ್ತದೆ. ಆಗ ಯಾರೂ ತಟ್ಟೆ ಮುಟ್ಟಬೇಡಿ, ಮಳೆ ಕಡಿಮೆಯಾದರೆ ತಾನೇ ಬರುತ್ತದೆ.

ಡಬ್ಬಿಯ ದುಡ್ಡು ಡಬ್ಬಿಯಲ್ಲೇ ಇದೆ. ದೀಪಾವಳಿ ಕಳೆದ ಮೇಲೆ ಆಸ್ಪತ್ರೆಗೆ ಬರಲು ಹೇಳಿದ್ದಾರೆ. ಒಂದು ಚಾನೆಲ್ಲಿನಲ್ಲಿ ಮಾತು ಮೆಲ್ಲಗೆ, ಇನ್ನೊಂದರಲ್ಲಿ ಕಿವಿ ಹರಿಯುವಷ್ಟು ಜೋರು. ಇದಕ್ಕೆ ಮಾತ್ರ ನಮಗೆ ಇನ್ನೂ ಮದ್ದು ಸಿಕ್ಕಿಲ್ಲ. ಸದ್ಯಕ್ಕೆ ರಿಮೋಟಿನ ವಾಲ್ಯೂಮು ಗುಂಡಿಯ ಮೇಲೆ ನಾನು ಬಿಂದಿ ಅಂಟಿಸಿದ್ದೇನೆ, ಅಜ್ಜಿ ತಡವಿಕೊಂಡು ಒತ್ತುತ್ತಾಳೆ.

– 7ನೇ ತರಗತಿಯ ವಿದ್ಯಾರ್ಥಿನಿ